ಎರಡು ಕಿಲೋಮೀಟರ್ ನೌಕೆ ಆಟಿಕೆಯಾಗಿದ್ದು ಯಾಕೆ?

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ವೈಜ್ಞಾನಿಕ ಕಥೆಯ ಜೊತೆ ಹಾಕಿದ್ದ ಚಿತ್ರದ ಬಗ್ಗೆ ಬರೆಯುತ್ತಿದ್ದೇನೆ. ಶರಾವತಿ ಹಿನ್ನೀರಿನ ಮೇಲೆ ಬೇರೆ ಗ್ರಹದ ನೌಕೆ ಬಂದು ನಿಂತಿರುವ, ಕಂಪ್ಯೂಟರಿನಲ್ಲಿ ರೆಂಡರ್ ಮಾಡಿದ ಚಿತ್ರ. ನಮ್ಮ ಕಡೆಯ ಗುಡ್ಡ, ನೀರಿನ ನಡುವೆ ನಿಂತ ಒಣ ಮರದ ಬೊಡ್ಡೆ ಎಲ್ಲ ಇದ್ದವು, ಮೊದಲು ಖುಷಿಯೇ ಆಯಿತು. ಲೋಹದ ಹಾಳೆಗಳ ಸಂದಿಯಲ್ಲಿ ತುಕ್ಕು ಗೆರೆಗೆರೆಯಾಗಿ ಇಳಿದಿದ್ದನ್ನೂ ಬಿಡದೆ ತೋರಿಸಿದ್ದಾರೆ, ಕಲಾವಿದರಿಗೆ ತಾಳ್ಮೆ ಜಾಸ್ತಿ. ಆದರೆ ಕಥೆಯಲ್ಲಿ ಎರಡು ಕಿಲೋಮೀಟರ್ ಉದ್ದ ಇರುವ ನೌಕೆ ಚಿತ್ರದಲ್ಲಿ ಅಂಗೈ ಮೇಲೆ ಇಟ್ಟುಕೊಳ್ಳುವ ಆಟಿಕೆಯ ಥರ ಕಾಣುತ್ತಿತ್ತು. ಮೂತಿ ಮಾತ್ರ ಸ್ಪಷ್ಟ. ಬಾಲ ಮಸುಕು, ಕೆಳಗಿನ ಕಾಡೂ ಮಸುಕು.

ಈಗ ರೆಂಡರ್ ಮಾಡುವವರಲ್ಲಿ ಇದೊಂದು ಚಾಳಿ. ಹಿಂದೆ ಮುಂದೆ ಬ್ಲರ್ ಹಾಕಿದರೆ ಕ್ಯಾಮೆರಾದಲ್ಲಿ ತೆಗೆದ ಹಾಗೆ ಕಾಣುತ್ತದೆ, ಆಗ ಜನ ನಿಜ ಅಂತ ನಂಬುತ್ತಾರೆ ಅನ್ನುವ ಲೆಕ್ಕ. ಮದುವೆ ಫೋಟೋ ನೋಡಿ ನೋಡಿ ಬಂದ ರುಚಿ ಇರಬೇಕು. ಮದುಮಗಳ ಮುಖಕ್ಕೆ ಅದು ಚೆಂದವೇ, ಹಿಂದೆ ಕುರ್ಚಿ ಮಡಚುತ್ತಿರುವವರು ಕಾಣುವುದಿಲ್ಲ. ಆದರೆ ಕ್ಯಾಮೆರಾ ಎಲ್ಲ ಕಡೆ ಹಾಗೆ ಮಾಡುವುದಿಲ್ಲವಲ್ಲ. ಮಳೆಗಾಲದಲ್ಲಿ ತೋಟದ ಎಲೆ ಮೇಲೆ ಕೂತ ಪುಟ್ಟ ಕಪ್ಪೆಯನ್ನು ತೀರಾ ಹತ್ತಿರದಿಂದ ತೆಗೆಯಿರಿ: ಕಣ್ಣು ಸ್ಪಷ್ಟ, ಹಿಂಗಾಲು ಆಗಲೇ ಮಸುಕು. ಅದೇ ಕ್ಯಾಮೆರಾ ಹಿಡಿದು ಜೋಗದ ಎದುರು ನಿಂತರೆ 253 ಮೀಟರ್ ಬೀಳುವ ರಾಜಾ, ಪಕ್ಕದ ಬಂಡೆ, ಮೇಲಿನ ಮರಗಳು ಎಲ್ಲ ಒಟ್ಟಿಗೆ ಸ್ಪಷ್ಟವಾಗಿ ಬರುತ್ತವೆ. ಹಾಗಾಗಿ ಹೀಗೆ ಅರ್ಧ ಸ್ಪಷ್ಟ ಅರ್ಧ ಮಸುಕಾಗಿ ಕಂಡ ವಸ್ತು ಚಿಕ್ಕದು, ಹತ್ತಿರದ್ದು ಅಂತ ನಮ್ಮ ಕಣ್ಣು ತೀರ್ಮಾನ ಮಾಡಿಬಿಡುತ್ತದೆ. ಕಥೆಗಾರರು ಎಷ್ಟೇ ಕಿಲೋಮೀಟರ್ ಬರೆದರೂ ಪ್ರಯೋಜನ ಇಲ್ಲ.

ಲೆಕ್ಕ ನೋಡಿ. ಫುಲ್ ಫ್ರೇಮ್ ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಅಪರ್ಚರ್ ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ತೂತು ಎಫ್ 8 (ಈ ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು, ಮಸುಕೂ ಕಡಿಮೆ). ಹತ್ತು ಮೀಟರಿನ ಆಸುಪಾಸಿಗೆ ಫೋಕಸ್ ಮಾಡಿದರೆ ಐದು ಮೀಟರಿನಿಂದ ಆಚೆ ದಿಗಂತದವರೆಗೆ ಎಲ್ಲ ಸ್ಪಷ್ಟ. ಅಪರ್ಚರ್ ದೊಡ್ಡದು ಮಾಡಿ 2.8ಕ್ಕೆ ಇಟ್ಟರೂ ಅಷ್ಟೇ, 30 ಮೀಟರಿಗೆ ಫೋಕಸ್ ಇಟ್ಟರೆ ಸಾಕು. ಕಿಲೋಮೀಟರ್ ಆಚೆ ನಿಂತ ನೌಕೆಯ ಬಾಲ ಬ್ಲರ್ ಆಗೋದು ಎಲ್ಲಿಂದ ಬಂತು?

ಬಂದಿದ್ದು ಸಾಫ್ಟ್‌ವೇರಿನ ಅಳತೆಯಿಂದ ಅಂತ ನನ್ನ ಅನುಮಾನ. ಇಂಥ ಚಿತ್ರ ಮಾಡುವ ಬ್ಲೆಂಡರ್ ಅನ್ನೋ ಸಾಫ್ಟ್‌ವೇರಿನಲ್ಲಿ ಒಂದು ಯೂನಿಟ್ ಅಂದರೆ ಒಂದು ಮೀಟರ್. ಕೆಲಸಕ್ಕೆ ಸಲೀಸು ಅಂತ ನೌಕೆಯನ್ನು ಎರಡು ಯೂನಿಟ್ ಉದ್ದ ಮಾಡಿಕೊಂಡು, ಅದರ ಕ್ಯಾಮೆರಾದಲ್ಲಿ ಹಿಂದೆ ಮುಂದೆ ಮಸುಕು ಮಾಡುವ ‘ಡೆಪ್ತ್ ಆಫ್ ಫೀಲ್ಡ್’ ಟಿಕ್ ಮಾಡಿ, ಎಫ್ 2.8ನ್ನು ಹಾಗೇ ಬಿಟ್ಟರೆ ಅದು ಮೇಜಿನ ಮೇಲಿಟ್ಟ ಎರಡು ಮೀಟರಿನ ಮಾದರಿಯನ್ನು ಪ್ರಾಮಾಣಿಕವಾಗಿ ತೆಗೆದುಕೊಡುತ್ತದೆ. ಒಂದೋ ಮಾದರಿಯನ್ನು ನಿಜವಾದ ಅಳತೆಗೆ ಹಿಗ್ಗಿಸಬೇಕು, ಇಲ್ಲ ಸುಮ್ನೆ ಆ ಟಿಕ್ ತೆಗೆಯಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಉದಾಹರಣೆಗೆ 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ, ನೌಕೆಯ ಮಾದರಿಗಳು ಮಾದರಿಯಂತೆ ಕಾಣಬಾರದು ಅಂತ ಅಪರ್ಚರ್ ತೀರಾ ಚಿಕ್ಕದು ಮಾಡಿ, ಒಂದೊಂದು ಫ್ರೇಮಿಗೂ ಸೆಕೆಂಡುಗಟ್ಟಲೆ ಕಾದು ತೆಗೆದರು. ಅವರು ಅಷ್ಟು ಕಷ್ಟಪಟ್ಟು ಓಡಿಸಿದ ಮಸುಕನ್ನು ನಾವು ಕರೆದು ಕೂರಿಸುತ್ತಿದ್ದೇವೆ.

ಹಾಗಾದರೆ ದೂರ ತೋರಿಸೋದು ಹೇಗೆ ಅಂತೀರಾ? ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾ! ಆಗುಂಬೆಯ ಸೂರ್ಯಾಸ್ತದ ಕಟ್ಟೆಯಿಂದ ನೋಡಿದರೆ ಹತ್ತಿರದ ಗುಡ್ಡ ಕಡು ಹಸಿರು, ಅದರ ಹಿಂದಿನದು ನೀಲಿ, ಅದರಾಚೆಯದು ಆಕಾಶಕ್ಕಿಂತ ಒಂದಿಷ್ಟೇ ಗಾಢ. ಆದರೆ ಕೊನೆಯ ಗುಡ್ಡದ ಅಂಚೂ ಗೆರೆ ಎಳೆದಷ್ಟು ಸ್ಪಷ್ಟ. ನಡುವಿನ ಗಾಳಿ, ತೇವ, ದೂಳು ಬೆಳಕನ್ನು ಚೆದುರಿಸಿ ಬಣ್ಣ ತೆಳುಮಾಡುತ್ತವೆ, ಲೆನ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಸಿಗಂದೂರಿನ ಹೊಸ ಸೇತುವೆಯೇ ಎರಡು ಕಿಲೋಮೀಟರಿಗಿಂತ ಉದ್ದ ಇದೆ, ಅದೂ ಅದೇ ಹಿನ್ನೀರಿನ ಮೇಲೆ. ಈ ತುದಿಯಲ್ಲಿ ನಿಂತು ಆ ತುದಿಯ ಬಣ್ಣ ನೋಡಿಕೊಂಡು ಬಂದರೆ ನೌಕೆಯ ಬಾಲಕ್ಕೆ ಯಾವ ಬಣ್ಣ ಹಚ್ಚಬೇಕು ಅನ್ನೋದು ಗೊತ್ತಾಗುತ್ತದೆ, ಅಲ್ವಾ?

ಕಥೆ ಮುಂದಿನ ವಾರ ಚಂದ್ರನ ಮೇಲೆ ಹೋಗುತ್ತದಂತೆ. ಅಲ್ಲಿ ಗಾಳಿಯೇ ಇಲ್ಲ, ಹಾಗಾಗಿ ಮಬ್ಬೂ ಬೇಡ. ಅಪೋಲೊ ಫೋಟೋಗಳಲ್ಲಿ ದೂರದ ಬೆಟ್ಟ ಪಕ್ಕದಲ್ಲೇ ಇರುವಂತೆ ಕಾಣುವುದು ಇದಕ್ಕೇ, ಅಲ್ಲಿ ಓಡಾಡಿದ ಗಗನಯಾತ್ರಿಗಳಿಗೇ ದೂರದ ಅಂದಾಜು ಸಿಗುತ್ತಿರಲಿಲ್ಲ. ಚಿತ್ರದಲ್ಲಿ ಗಾತ್ರ ತಿಳಿಯಬೇಕಾದರೆ ನೌಕೆಯ ಹತ್ತಿರ ಒಬ್ಬ ಮನುಷ್ಯನನ್ನೋ ಒಂದು ಏಣಿಯನ್ನೋ ಇಡಬೇಕಾಗುತ್ತದೆ. ದಯವಿಟ್ಟು ಕಲಾವಿದರಿಗೆ ತಿಳಿಸಿ. ಅವರನ್ನು ಬದಲಾಯಿಸಬೇಡಿ, ಆ ತುಕ್ಕು ಬಹಳ ಚೆನ್ನಾಗಿತ್ತು.

ಇಂತಿ,
ನಿಮ್ಮ ಓದುಗ,
ವಿನೋಬನಗರ, ಶಿವಮೊಗ್ಗ