‘ನಿಲ್ಲಲಿ’ ಅಂತ ಇಟ್ಟ ಹೆಸರುಗಳು

ಎಲ್ರಿಗೂ ನಮಸ್ಕಾರ.

ನಮ್ಮ ಸಂಘದ ಮೆಂಬರ್ ಲಿಸ್ಟ್ ಒಮ್ಮೆ ತೆಗೆದು ನೋಡಿ. ಲಾಸ್ಟ್ ನೇಮ್ ಅಂತ ಇರೋ ಜಾಗದಲ್ಲಿ ಮನೆತನದ ಹೆಸರು ಇರೋರು ಕಮ್ಮಿ, ಹೆಚ್ಚಿನವರದ್ದು ಅಪ್ಪನ ಹೆಸರು, ಇಲ್ಲಾಂದ್ರೆ ತಾತನ ಹೆಸರು. ಊರಲ್ಲಿದ್ದಾಗ ಅದು ಬರೀ ಒಂದು ಇನಿಷಿಯಲ್ ಆಗಿತ್ತು, ಪಾಸ್‌ಪೋರ್ಟ್ ಮಾಡಿಸೋವಾಗ ಬಿಡಿಸಿ ಬರೀರಿ ಅಂದ್ರು, ಬಿಡಿಸಿ ಬರೆದ್ವಿ, ಇಲ್ಲಿಗೆ ಬಂದ್ಮೇಲೆ ಅದೇ ಸರ್‌ನೇಮ್ ಆಗಿ ಕೂತ್ಕೊಂಡ್ತು, ಈಗ ಮಕ್ಕಳಿಗೂ ಅದೇ. ಹಾಗಾಗಿ ಚಳ್ಳಕೆರೆ ಕಡೆ ಯಾವುದೋ ಹಳ್ಳೀಲಿ ಶೇಂಗಾ ಬೆಳೀತಿದ್ದ ಒಬ್ಬ ತಿಪ್ಪಣ್ಣನ ಹೆಸರನ್ನ ಇವತ್ತು ಇಲ್ಲಿನ ಎಲಿಮೆಂಟರಿ ಸ್ಕೂಲಲ್ಲಿ ದಿನಾ ಬೆಳಿಗ್ಗೆ ಅಟೆಂಡೆನ್ಸ್‌ನಲ್ಲಿ ಕರೀತಾರೆ.

ಸ್ಕೂಲಲ್ಲಿ ‘ನಿಮ್ಮ ಹೆಸರಿನ ಅರ್ಥ ಏನು, ಮನೇಲಿ ಕೇಳ್ಕೊಂಡು ಬನ್ನಿ’ ಅಂತ ಪ್ರಾಜೆಕ್ಟ್ ಕೊಡ್ತಾರಲ್ಲ, ಆವಾಗ ತೊಂದ್ರೆ ಶುರು. ಆರವ್, ಅನನ್ಯ, ಇಶಾನ್ ಎಲ್ಲಾ ಗೂಗಲ್ ಮಾಡಿದ ತಕ್ಷಣ ಸಿಗುತ್ತೆ. ತಿಪ್ಪಣ್ಣ, ಗುಂಡಪ್ಪ, ಹುಚ್ಚಪ್ಪ, ಸಾಕಮ್ಮ ಅಂದ್ರೆ ಅಪ್ಪ ಅಮ್ಮನ ಮುಖ ಸಪ್ಪಗಾಗುತ್ತೆ, ‘ಅದೊಂದು ದೇವರ ಹೆಸರು ಪುಟ್ಟ, ಅಷ್ಟೇ ಬರಿ’ ಅಂತ ಮುಗಿಸಿಬಿಡ್ತಾರೆ. ಕೆಲವರು ಸಿಟಿಜನ್‌ಶಿಪ್ ತಗೊಳೋವಾಗ ಆ ಹೆಸರನ್ನ ತೆಗೆಸಿಯೇ ಹಾಕ್ತಾರೆ. ಅವರವರ ಇಷ್ಟ, ನಾನು ಬೇಡ ಅನ್ನೋಕೆ ಯಾರು. ಆದ್ರೆ ತೆಗೆಸೋ ಮುಂಚೆ ಆ ಹೆಸರು ಯಾಕೆ ಇಟ್ರು ಅಂತ ಒಂದ್ಸಲ ಗೊತ್ತಿರಬೇಕು ಅನ್ನೋದು ನನ್ನ ಆಸೆ, ಈ ಸಲದ ಸಂಪಾದಕೀಯ ಅದಕ್ಕೇ.

ಚೆಂದದ ಅರ್ಥ ಇರೋ ಹೆಸರುಗಳು ಎಲ್ಲಾ ಕಡೆನೂ ಇದಾವೆ, ಒಂದಕ್ಕೊಂದು ನಂಟೂ ಇದೆ. ನಮ್ಮ ದೇವದತ್ತ, ಗ್ರೀಕರ ಥಿಯೋಡೋರ್, ರಷ್ಯಾ, ಸರ್ಬಿಯಾ ಕಡೆಯ ಬೊಗ್ದಾನ್, ಹೀಬ್ರೂವಿನಿಂದ ಬಂದ ನಥಾನಿಯಲ್, ಅರಬ್ಬಿಯ ಅತಾವುಲ್ಲಾ, ಎಲ್ಲಾದಕ್ಕೂ ದೇವರು ಕೊಟ್ಟಿದ್ದು ಅಂತಾನೇ ಅರ್ಥ, ಥಿಯೋಡೋರ್‌ನಲ್ಲಿರೋ ‘ಡೋರ್’ ಮತ್ತೆ ಬೊಗ್ದಾನ್‌ನಲ್ಲಿರೋ ‘ದಾನ್’ ಎರಡೂ ನಮ್ಮ ದಾನ, ದತ್ತ ಅನ್ನೋ ಪದಗಳ ಒಡಹುಟ್ಟುಗಳೇ. ಮೆಲಿಸ್ಸಾ ಅಂದ್ರೆ ಗ್ರೀಕಲ್ಲಿ ಜೇನುನೊಣ, ಡೆಬೊರಾ ಅಂದ್ರೆ ಹೀಬ್ರೂನಲ್ಲಿ ಜೇನುನೊಣ, ನಮ್ಮಲ್ಲಿ ಭ್ರಮರಾಂಬ ಅಂತ ಇದ್ದೇ ಇದೆ, ಕಟೀಲಿನ ಅಮ್ಮ ದುಂಬಿಯ ರೂಪ ತಾಳಿ ಅರುಣಾಸುರನನ್ನ ಕೊಂದ ಕಥೆ ಕರಾವಳಿಯವರಿಗೆ ನಾನು ಹೇಳ್ಬೇಕಾಗಿಲ್ಲ. ಇಂಥ ಹೆಸರಿಟ್ಟುಕೊಂಡವರಿಗೆ ಸ್ಕೂಲ್ ಪ್ರಾಜೆಕ್ಟ್ ಸುಲಭ.

ಇನ್ನು ತಿಪ್ಪಣ್ಣನ ವಿಷಯ. ನಮ್ಮಜ್ಜಿಯ ತಮ್ಮನ ಹೆಸರೂ ತಿಪ್ಪಣ್ಣ ಅಂತಲೇ. ಅಜ್ಜಿ ಹೇಳ್ತಿದ್ದಿದ್ದು ಹೀಗೆ: ಅವರಮ್ಮನಿಗೆ ಅಜ್ಜಿ ಆದ್ಮೇಲೆ ಮಕ್ಕಳು ನಿಲ್ತಿರಲಿಲ್ಲ, ಒಂದು ಸಿಡುಬಲ್ಲಿ ಹೋಯ್ತು, ಒಂದು ಏನಾಯ್ತು ಅಂತಾನೇ ಗೊತ್ತಾಗ್ಲಿಲ್ಲ. ಆಮೇಲೆ ಗಂಡು ಮಗು ಆದಾಗ ಪುರುಡು ಕಳೆದ ಮೇಲೆ ಮಗೂನ ಹಳೇ ಬಟ್ಟೇಲಿ ಸುತ್ತಿ, ಮೊರದಲ್ಲಿ ಮಲಗಿಸಿ, ಹಿತ್ತಲ ತಿಪ್ಪೆ ಮೇಲೆ ಇಟ್ಟು ಬಂದ್ರಂತೆ. ಸಗಣಿ, ಬೂದಿ, ಕಸ ಹಾಕೋ ತಿಪ್ಪೆ. ತಾಯಿ ತಿರುಗಿ ನೋಡದೆ ಒಳಗೆ ಬರಬೇಕು. ಪಕ್ಕದ ಮನೆಯವಳು ಹೋಗಿ ‘ಇದ್ಯಾರೋ ಬಿಸಾಕಿರೋ ಕೂಸು, ನನಗೆ ಸಿಕ್ತು’ ಅಂತ ಎತ್ಕೊಂಡು ಬಂದು ಬಾಗಿಲಲ್ಲಿ ನಿಂತ್ಕೊಂಡ್ಳು, ತಾಯಿ ಒಂದು ಮೊರ ನುಚ್ಚು ಕೊಟ್ಟು ತನ್ನ ಮಗೂನ ತಾನೇ ಕೊಂಡ್ಕೊಂಡ್ಳು. ಸಾವು ಬಂದು ನೋಡಿದ್ರೂ ಇದು ತಿಪ್ಪೇಲಿ ಸಿಕ್ಕಿದ್ದು, ಯಾರಿಗೂ ಬೇಡದ್ದು, ನನಗ್ಯಾಕೆ ಅಂತ ಹೋಗ್ಲಿ ಅನ್ನೋ ಲೆಕ್ಕ. ಕೆನ್ನೆಗೆ ದೃಷ್ಟಿಬೊಟ್ಟು ಇಡ್ತೀವಲ್ಲ, ಆ ಹೆಸರು ಜೀವಮಾನ ಪೂರ್ತಿ ಅಳಿಸದೇ ಇರೋ ದೃಷ್ಟಿಬೊಟ್ಟು. ‘ಅವನೊಬ್ಬ ನಿಂತ’ ಅಂತ ಹೇಳೋವಾಗ ಮುದುಕಿಯಾದ ಮೇಲೂ ಅಜ್ಜಿಯ ಗಂಟಲು ಕಟ್ಟುತಿತ್ತು.

ಇದು ನಮ್ಮೊಬ್ಬರದೇ ಪದ್ಧತಿ ಏನಲ್ಲ. ತೆಲುಗಲ್ಲಿ ಪೆಂಟ ಅಂದ್ರೆ ತಿಪ್ಪೆ, ಪೆಂಟಯ್ಯ ಪೆಂಟಮ್ಮ ಅನ್ನೋ ಹೆಸರುಗಳು ತೆಲಂಗಾಣದಲ್ಲಿ ಬೇಕಾದಷ್ಟು. ತಮಿಳಲ್ಲಿ ಕುಪ್ಪೈ ಅಂದ್ರೆ ಕಸ, ಕುಪ್ಪುಸ್ವಾಮಿ ಕುಪ್ಪಮ್ಮ ಬಂದಿದ್ದು ಅಲ್ಲಿಂದ. ಮರಾಠಿಯಲ್ಲಿ ದಗಡು ಅಂದ್ರೆ ಕಲ್ಲು, ನಮ್ಮ ಗುಂಡನ ಹಾಗೆ, ಗುಂಡುಕಲ್ಲಿನ ಥರ ಗಟ್ಟಿಯಾಗಿರ್ಲಿ ಅಂತ. ಬಂಗಾಳದಲ್ಲಿ ತೀನ್‌ಕೊಡಿ, ಪಾಂಚ್‌ಕೊಡಿ ಅಂತ ಹೆಸರಿದಾವೆ, ಮೂರು ಕವಡೆಗೆ ಕೊಂಡಿದ್ದು, ಐದು ಕವಡೆಗೆ ಕೊಂಡಿದ್ದು ಅಂತ. ಸ್ಕೂಲಲ್ಲಿ ನಾವೆಲ್ಲ ಓದಿರೋ ಖುದಿರಾಮ್ ಬೋಸ್, 1908ರಲ್ಲಿ ಹದಿನೆಂಟನೇ ವಯಸ್ಸಿಗೆ ನೇಣಿಗೇರಿದ ಹುಡುಗ, ಅವನ ಹೆಸರಲ್ಲಿರೋ ‘ಖುದ್’ ಅಂದ್ರೆ ನುಚ್ಚಕ್ಕಿ. ಅವನಿಗಿಂತ ಮೊದಲು ಹುಟ್ಟಿದ ಇಬ್ಬರು ಗಂಡುಮಕ್ಕಳು ತೀರಿಕೊಂಡಿದ್ರು, ಅದಕ್ಕೆ ಇವನು ಹುಟ್ಟಿದಾಗ ಅಕ್ಕ ಮೂರು ಹಿಡಿ ನುಚ್ಚಕ್ಕಿ ಕೊಟ್ಟು ತಮ್ಮನನ್ನ ಕೊಂಡ್ಕೊಂಡ್ಳು. ಇದನ್ನ ಓದಿದಾಗ ನಮ್ಮಜ್ಜಿಯ ಹಿತ್ತಲಿಗೂ ಅವನು ಹುಟ್ಟಿದ ಬಂಗಾಳದ ಮೇದಿನೀಪುರಕ್ಕೂ ಇಷ್ಟು ಹತ್ತಿರವಾ ಅನ್ನಿಸಿತ್ತು ನನಗೆ.

ಇನ್ನೂ ದೂರ ಹೋದ್ರೂ ಇದೇ. ಮಂಗೋಲಿಯಾದಲ್ಲಿ ನೆರ್ಗುಯ್ ಅಂತ ಹೆಸರಿದೆ, ಅದರರ್ಥ ‘ಹೆಸರಿಲ್ಲ’. ಎನೆಬಿಶ್ ಅಂದ್ರೆ ‘ಇದಲ್ಲ’, ಖುನ್‌ಬಿಶ್ ಅಂದ್ರೆ ‘ಮನುಷ್ಯ ಅಲ್ಲ’. ಕೆಟ್ಟ ಶಕ್ತಿಗಳು ಹುಡುಕ್ಕೊಂಡು ಬಂದ್ರೆ ದಾರಿ ತಪ್ಪಲಿ ಅಂತ. ಚೀನಾದ ಹಳ್ಳಿಗಳಲ್ಲಿ ನಾಯಿ ಕೂಡ ತಿನ್ನದೆ ಬಿಟ್ಟಿದ್ದು ಅನ್ನೋ ಅರ್ಥದ ಅಡ್ಡಹೆಸರು ಇಡ್ತಿದ್ರು. ಟರ್ಕಿಯಲ್ಲಿ ಸತಿಲ್‌ಮಿಶ್ ಅಂತ ಗಂಡು ಹೆಸರು, ‘ಮಾರಿದ್ದು’ ಅಂತ ಅರ್ಥ, ಥೇಟ್ ನುಚ್ಚು ಕೊಟ್ಟು ಕೊಂಡ ನಮ್ಮ ಕಥೆನೇ. ಅಲ್ಲೇ ದುರ್ಸುನ್ ಅಂತ ಇನ್ನೊಂದು ಹೆಸರು, ಅದಕ್ಕೆ ‘ನಿಲ್ಲಲಿ’ ಅಂತ ಅರ್ಥ. ಮಕ್ಕಳು ನಿಲ್ಲಲ್ಲ, ಈ ಮಗು ನಿಂತಿತು ಅಂತ ನಾವು ಅನ್ನೋ ಆ ‘ನಿಲ್ಲು’ ಅಲ್ಲೂ ಇದೆ ನೋಡಿ.

ನೈಜೀರಿಯಾದ ಯೊರುಬಾ ಜನರ ಹೆಸರುಗಳನ್ನ ನಾನು ಯಾವತ್ತೂ ಮರೆಯಲ್ಲ. ಹುಟ್ಟಿ ಹುಟ್ಟಿ ಸಾಯೋ ಮಗೂನ ಅವರು ಅಬಿಕು ಅಂತಾರೆ, ಅದೇ ಮಗು ಮತ್ತೆ ಮತ್ತೆ ಬಂದು ತಾಯಿಗೆ ನೋವು ಕೊಟ್ಟು ಹೋಗುತ್ತೆ ಅನ್ನೋ ನಂಬಿಕೆ. ಅಂಥ ಮನೇಲಿ ಹುಟ್ಟಿದ ಮಗುವಿನ ಹತ್ರ ಹೆಸರಿನ ಮೂಲಕವೇ ಬೇಡ್ಕೋತಾರೆ. ಮಾಲೊಮೊ ಅಂದ್ರೆ ‘ಇನ್ನು ಹೋಗ್ಬೇಡ’. ಬಂಜೊಕೊ ಅಂದ್ರೆ ‘ನನ್ ಜೊತೆ ಕೂತ್ಕೊ’. ದುರೋಜಯೆ ಅಂದ್ರೆ ‘ಇರು, ಇದ್ದು ಬದುಕಿನ ಸುಖ ನೋಡು’. ಮತ್ತೆ ದುರೋಸಿನ್ಮಿ ಅಂತ ಒಂದಿದೆ, ‘ನನ್ನ ಮಣ್ಣು ಮಾಡೋಕಾದ್ರೂ ಇರು’. ಮಕ್ಕಳಿಗಿಂತ ಮುಂಚೆ ನಾನು ಹೋಗ್ಬೇಕು ಅನ್ನೋ ಪ್ರಾರ್ಥನೆ ಅದು, ಪ್ರತಿ ಸಲ ಮಗೂನ ಊಟಕ್ಕೆ ಕರೆದಾಗ್ಲೂ ಆ ತಾಯಿ ಅದನ್ನೇ ಬೇಡ್ಕೊಂಡ ಹಾಗೆ. ಇಲ್ಲಿ ನಮ್ಮ ಆಫೀಸುಗಳಲ್ಲಿ, ಆಸ್ಪತ್ರೆಗಳಲ್ಲಿ ನೈಜೀರಿಯಾದವರು ಎಷ್ಟೊಂದು ಜನ ಇದಾರೆ, ಸಲಿಗೆ ಇದ್ರೆ ಅವರ ಹೆಸರಿನ ಬಗ್ಗೆ ಕೇಳಿ, ನಿಮ್ಮ ಮನೆಯ ತಿಪ್ಪಣ್ಣನ ಕಥೇನೂ ಹೇಳಿ, ಅವರಿಗೆ ವಿವರಿಸೋದೇ ಬೇಕಾಗಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳ್ಬೇಕು. ಕೇಳೋಕೆ ಒರಟಾಗಿರೋ ಹೆಸರೆಲ್ಲ ಪ್ರೀತಿಯಿಂದ ಇಟ್ಟಿದ್ದು ಅಂತಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 2011ರಲ್ಲಿ 285 ಹೆಣ್ಣುಮಕ್ಕಳಿಗೆ ಸರ್ಕಾರದವರೇ ಮುಂದೆ ನಿಂತು ಹೊಸ ಹೆಸರು ಇಡಿಸಿದ್ರು, ಯಾಕಂದ್ರೆ ಆ ಮಕ್ಕಳ ಹೆಸರು ನಕುಶಾ ಅಂತ ಇತ್ತು, ‘ಬೇಡವಾದವಳು’. ಸಾವಿನಿಂದ ಬಚ್ಚಿಡೋದಕ್ಕಲ್ಲ, ಮತ್ತೆ ಹೆಣ್ಣು ಹುಟ್ತಲ್ಲ ಅನ್ನೋ ಸಿಟ್ಟಿಗೆ ಇಟ್ಟ ಹೆಸರು. ಚೀನಾದ ಝಾವೋದಿ ಅಂದ್ರೆ ‘ತಮ್ಮನನ್ನ ಕರೆದು ತಾ’, ಕಜಕಿಸ್ತಾನದ ಉಲ್‌ಬೊಲ್ಸಿನ್ ಅಂದ್ರೆ ‘ಗಂಡಾಗಲಿ’, ಎರಡೂ ಹೆಣ್ಣುಮಕ್ಕಳಿಗೆ ಇಡೋ ಹೆಸರು. ಇಂಥ ಹೆಸರು ಹೊತ್ತ ಹೆಣ್ಣುಮಗಳು ಅದನ್ನ ಬದಲಾಯಿಸ್ಕೊಂಡ್ರೆ ನಾನು ಚಪ್ಪಾಳೆ ತಟ್ತೀನಿ. ನಮ್ಮಲ್ಲಿ ಸಾಕಮ್ಮ ಅನ್ನೋದಕ್ಕೆ ಎರಡೂ ಥರ ಹೇಳ್ತಾರೆ, ಹೆಣ್ಣು ಸಾಕಪ್ಪಾ ಅಂತ ಇಟ್ಟಿದ್ದು ಅಂತಾನೂ, ಕಷ್ಟಪಟ್ಟು ಸಾಕಿಕೊಂಡ ಮಗು ಅಂತಾನೂ. ಯಾವುದು ಅಂತ ಆ ಮನೆಯವರೇ ಹೇಳ್ಬೇಕು.

ತಿಪ್ಪೇಸ್ವಾಮಿ ಅನ್ನೋ ಹೆಸರಿನದ್ದೂ ಅದೇ ಕಥೆ. ಚಿತ್ರದುರ್ಗ, ಚಳ್ಳಕೆರೆ ಕಡೆ ಎಷ್ಟೋ ಮನೆಗಳಲ್ಲಿ ಅದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಇಟ್ಟ ಹೆಸರು, ಕೆರೆ ಕಟ್ಟಿಸಿದ ಅವಧೂತರು ಅಂತ ಅವರನ್ನ ಇವತ್ತಿಗೂ ನೆನೀತಾರೆ, ಮಾರ್ಚ್ ಬಂತಂದ್ರೆ ಅವರ ತೇರಿಗೆ ಜನ ಕಿಕ್ಕಿರಿದು ಸೇರ್ತಾರೆ. ಆ ಮನೆಯ ಮಗು ‘ದೇವರ ಹೆಸರು’ ಅಂತ ಬರೆದ್ರೆ ಅದು ನಿಜಾನೇ. ಪಕ್ಕದ ಮನೆಯ ತಿಪ್ಪೇಸ್ವಾಮಿಯ ಕಥೆ ಮೊರದ್ದೂ ನುಚ್ಚಿನದ್ದೂ ಇರಬಹುದು. ಬೇಬಿ ನೇಮ್ಸ್ ವೆಬ್‌ಸೈಟು ಇದನ್ನೆಲ್ಲ ಹೇಳಲ್ಲ.

ಈಗ ಯಾರೂ ಇಂಥ ಹೆಸರು ಇಡಲ್ಲ, ಇಡೋ ಅಗತ್ಯಾನೂ ಇಲ್ಲ, ಅದು ಸಂತೋಷದ ವಿಷಯವೇ. 1977ರಲ್ಲಿ ಭಾರತ ಸಿಡುಬು ಮುಕ್ತ ಅಂತ ಘೋಷಣೆ ಆಯ್ತು, ಲಸಿಕೆ ಬಂತು, ಹೆರಿಗೆ ಆಸ್ಪತ್ರೇಲಿ ಆಗೋಕೆ ಶುರುವಾಯ್ತು, ಮಕ್ಕಳು ನಿಂತ್ವು. ಮಗು ಉಳಿಯುತ್ತೆ ಅನ್ನೋ ಧೈರ್ಯ ಬಂದ್ಮೇಲೆ ತಾನೇ ಅಪ್ಪ ಅಮ್ಮ ಚೆಂದದ ಹೆಸರು ಹುಡುಕೋಕೆ ಕೂರೋದು! ನಮ್ಮ ಇಂದಿನ ಆರವ್, ಅನನ್ಯರ ಹಿಂದೆ ಆ ಧೈರ್ಯ ಇದೆ ಅಂತ ನಾನು ನಂಬ್ತೀನಿ.

ಈಗ ಪತ್ರಿಕೆ ವಿಷಯ. ‘ಹೊಸ ಅತಿಥಿಗಳು’ ಪುಟಕ್ಕೆ ಮಗುವಿನ ಫೋಟೋ, ಹೆಸರು, ಅರ್ಥ ಕಳಿಸ್ತೀರಲ್ಲ, ಮುಂದಿನ ಸಂಚಿಕೆಯಿಂದ ಜೊತೆಗೆ ಆ ಹೆಸರು ಯಾರು ಸೂಚಿಸಿದ್ರು, ಯಾಕೆ ಇಟ್ರಿ ಅಂತಾನೂ ನಾಲ್ಕು ಸಾಲು ಬರೆದು ಕಳಿಸಿ. ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆ ಕಿವೀಲಿ ಹೇಳಿದ ಹೆಸರು ಒಂದು, ಬರ್ತ್ ಸರ್ಟಿಫಿಕೇಟಲ್ಲಿ ಇನ್ನೊಂದು ಅಂತ ಇದ್ರೆ ಎರಡನ್ನೂ ಬರೀರಿ.

ಹಾಗೇ ‘ಹಿರಿಯರ ಹೆಸರು’ ಅಂತ ಒಂದು ಹೊಸ ಪುಟ ಶುರು ಮಾಡ್ತಿದೀವಿ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಮನೇಲಿ ಎಲ್ಲರಿಗಿಂತ ದೊಡ್ಡವರು ಯಾರಿದಾರೋ ಅವರನ್ನೇ ಕೇಳಿ: ತಾತನಿಗೆ ಆ ಹೆಸರು ಯಾರಿಟ್ರು, ಅವರಿಗಿಂತ ಮುಂಚೆ ಎಷ್ಟು ಮಕ್ಕಳು ಹುಟ್ಟಿದ್ವು, ಯಾವ ದೇವರಿಗೆ ಹರಕೆ ಇತ್ತು. ಕೇಳೋಕೆ ತಡ ಮಾಡ್ಬೇಡಿ, ಗೊತ್ತಿರೋರಿಗೆಲ್ಲ ಎಂಬತ್ತು ದಾಟಿದೆ. ಬರೆಯೋಕೆ ಟೈಮ್ ಇಲ್ಲ ಅಂದ್ರೆ ಅವರ ಮಾತನ್ನೇ ರೆಕಾರ್ಡ್ ಮಾಡಿ ವಾಟ್ಸಾಪಲ್ಲಿ ಕಳಿಸಿ, ಕನ್ನಡ ಕ್ಲಾಸಿನ ದೊಡ್ಡ ಮಕ್ಕಳು ಕೇಳಿಸ್ಕೊಂಡು ಟೈಪ್ ಮಾಡಿ ಕೊಡ್ತೀವಿ ಅಂತ ಒಪ್ಕೊಂಡಿದಾರೆ.