ನಿನ್ನ ಎರಡನೇ ಟೇಕ್ ಬಗ್ಗೆ

ಪ್ರೀತಿಯ ಗೆಳೆಯ,

ಒಂದೇ ಕೃತಿಯನ್ನು ಪಿಟೀಲಿನಲ್ಲಿ ಎರಡು ಸಲ ನುಡಿಸಿ ನೀನು ಕಳಿಸಿದ ಎರಡೂ ವಿಡಿಯೊ ನೋಡಿದೆ. ಮೊದಲು ಸುಮ್ನೆ ಫೋನಿನಲ್ಲಿ, ಆಮೇಲೆ ಹೆಡ್‌ಫೋನ್ ಹಾಕಿಕೊಂಡು, ಕೊನೆಗೆ ಕಣ್ಣು ಮುಚ್ಚಿಕೊಂಡು ಕೇಳಿದೆ. ಮೊದಲನೆಯದರಲ್ಲಿ ಒಂದು ಸ್ವರವೂ ತಪ್ಪಿಲ್ಲ, ಎರಡನೆಯದರಲ್ಲಿ ಒಂದು ಕಡೆ ಬೆರಳು ಜಾರಿದೆ, ಹಾಗಾಗಿ ಸ್ಪರ್ಧೆಗೆ ಕಳಿಸಲು ಮೊದಲನೆಯದೇ ಸರಿ ಅಲ್ವಾ ಅಂತ ಬರೆದಿದ್ದೀಯ. ನಾನು ಒಪ್ಪುವುದಿಲ್ಲ ಕಣೋ.

ಮೊದಲನೆಯದನ್ನು ಇನ್ನೊಮ್ಮೆ ಕೇಳಿ ನೋಡು. ನಿಧಾನದ ಭಾಗದಲ್ಲಿ ಉದ್ದನೆಯ ಸ್ವರ ಬರುತ್ತದಲ್ಲ, ಅಲ್ಲಿ ಕಮಾನು ಸಾಲುವುದಿಲ್ಲವೇನೋ ಅನ್ನುವ ಭಯಕ್ಕೆ ಬೇಗ ತಿರುಗಿಸಿಬಿಟ್ಟಿದ್ದೀಯ. ಕೈ ಮೇಲಕ್ಕೆ ಜಿಗಿಯಬೇಕಾದ ಕಡೆಯೆಲ್ಲ ಒಂದಿಷ್ಟು ಮುಂಚೆಯೇ ಲಯ ಬಿಗಿಯಾಗಿದೆ. ತಪ್ಪಾಗಬಾರದು ಅನ್ನುವುದೊಂದೇ ನಿನ್ನ ತಲೆಯಲ್ಲಿತ್ತು ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಎರಡನೆಯದರಲ್ಲಿ ಅದೇ ಸ್ವರ ಕೊನೆಯವರೆಗೂ ಬೆಳೆಯುತ್ತಾ ಹೋಗುತ್ತದೆ. ಬೆರಳು ಜಾರಿದ ಮೇಲೂ ನೀನು ನಿಲ್ಲಲಿಲ್ಲ, ಹೆದರಲಿಲ್ಲ, ಮುಂದಿನ ಸಾಲನ್ನು ಇನ್ನೂ ಚೆನ್ನಾಗಿ ನುಡಿಸಿದೆ. ತೀರ್ಪುಗಾರರೂ ವೇದಿಕೆಯ ಮೇಲೆ ನುಡಿಸಿದವರೇ. ಜಾರಿದ ಬೆರಳು ಅವರಿಗೆ ಹೊಸದಲ್ಲ.

ಆದರೆ ಎರಡನೆಯದನ್ನೂ ಈಗಲೇ ಕಳಿಸಬೇಡ. ಇನ್ನೂ ಸಮಯ ಇದೆ. ಅದೇ ಮನಸ್ಸಿನಲ್ಲಿ ಇನ್ನೊಮ್ಮೆ ನುಡಿಸು, ಈ ಸಲ ಫೋನಿನ ಮೈಕ್ ಬಿಟ್ಟು. ಫೋನಿನ ಕ್ಯಾಮೆರಾ ಬೇಕಾದಷ್ಟು ಚೆನ್ನಾಗಿದೆ, ತೊಂದರೆ ಇರುವುದು ದನಿಯಲ್ಲಿ. ಫೋನಿನ ಮೈಕನ್ನು ಹೆಚ್ಚಾಗಿ ಮಾತು ಹಿಡಿಯುವುದಕ್ಕೆ ಹೊಂದಿಸಿರುತ್ತಾರೆ. ಮೆಲ್ಲಗಿನದನ್ನು ಅದು ತಾನೇ ಎತ್ತುತ್ತದೆ, ಜೋರಾದದ್ದನ್ನು ತಾನೇ ಇಳಿಸುತ್ತದೆ. ಮಾತಿಗೆ ಇದು ಅನುಕೂಲ, ಪಿಟೀಲಿಗೆ ಅನ್ಯಾಯ. ನಿನ್ನ ಕೊನೆಯ ಮೆಲುದನಿಯ ಸಾಲಿನಲ್ಲಿ ಇದ್ದಕ್ಕಿದ್ದಂತೆ ಫ್ಯಾನಿನ ಸದ್ದು ಮೇಲೆ ಬರುತ್ತದೆ, ಗಮನಿಸಿದೆಯಾ? ಫ್ಯಾನು ಜೋರಾಗಿದ್ದಲ್ಲ. ನೀನು ಮೆಲ್ಲಗಾದೆ ಅಂತ ಫೋನು ಇಡೀ ಕೋಣೆಯನ್ನೇ ಎತ್ತಿತು. ನೀನು ವರ್ಷಗಟ್ಟಲೆ ಕಲಿತ ಏರಿಳಿತವೆಲ್ಲ ಅಲ್ಲಿ ಸಪಾಟಾಗಿ ಹೋಯಿತು. ಎರಡು ವಿಡಿಯೊಗಳ ನಡುವಿನ ವ್ಯತ್ಯಾಸ ನಿನಗೇ ಸರಿಯಾಗಿ ಕೇಳಿಸದೆ ಇರುವುದಕ್ಕೆ ಇದೂ ಒಂದು ಕಾರಣ ಅನಿಸುತ್ತದೆ.

ಯಾರ ಹತ್ತಿರವಾದರೂ ಒಂದು ಸಣ್ಣ ಆಡಿಯೊ ರೆಕಾರ್ಡರ್ ಎರವಲು ಸಿಕ್ಕರೆ ಸಾಕು, ಸ್ಟುಡಿಯೊ ಬೇಡ. ಅದರಲ್ಲೂ ದನಿಯನ್ನು ಹೀಗೆ ತಾನೇ ಏರಿಳಿಸುವ ಆಟೊ ಲೆವೆಲ್ ಅಂತ ಇರುತ್ತದೆ, ಮೊದಲು ಅದನ್ನು ಆಫ್ ಮಾಡು. ದನಿಯನ್ನು ಎಷ್ಟು ಸೂಕ್ಷ್ಮವಾಗಿ ಹಿಡಿಯಬೇಕು ಅನ್ನುವ ಸೆಟ್ಟಿಂಗ್ ಇರುತ್ತದಲ್ಲ, ಅದನ್ನು 48 ಕಿಲೊಹರ್ಟ್ಸ್, 24 ಬಿಟ್‌ಗೆ ಇಡು. ಆಮೇಲೆ ನಿನ್ನ ಕೃತಿಯಲ್ಲಿ ಅತಿ ಜೋರಾದ ಭಾಗ ಯಾವುದೋ ಅದನ್ನು ಪೂರ್ತಿ ಬಲ ಹಾಕಿ ನುಡಿಸು. ರೆಕಾರ್ಡರಿನಲ್ಲಿ ದನಿಯ ಮಟ್ಟ ತೋರಿಸುವ ಮೀಟರು ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಲೆವೆಲ್ ಹೊಂದಿಸು. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಪೂರ್ತಿ ಸರಿ ಮಾಡಲು ಆಗುವುದಿಲ್ಲ. ಕಡಿಮೆ ಇದ್ದರೆ ಚಿಂತೆಯಿಲ್ಲ, 24 ಬಿಟ್‌ನಲ್ಲಿ ಆಮೇಲೆ ಏರಿಸಿಕೊಳ್ಳಬಹುದು. ಒಮ್ಮೆ ಹೊಂದಿಸಿದ ಮೇಲೆ ನಡುವೆ ಮುಟ್ಟಬೇಡ.

ಮೈಕ್ ತೀರಾ ಹತ್ತಿರ ಬೇಡ. ಹತ್ತಿರ ಇಟ್ಟರೆ ಕಮಾನಿನ ಉಜ್ಜುವ ಸದ್ದೇ ಜಾಸ್ತಿ ಬರುತ್ತದೆ. ಒಂದೂವರೆ ಎರಡು ಮೀಟರು ದೂರ, ಪಿಟೀಲಿಗಿಂತ ಸ್ವಲ್ಪ ಎತ್ತರದಲ್ಲಿಟ್ಟು ಶುರು ಮಾಡು, ಕೇಳಿ ನೋಡಿ ಜರುಗಿಸು. ಜಾಗ ಆರಿಸುವಾಗ ಕೋಣೆಯಲ್ಲಿ ಅಲ್ಲಲ್ಲಿ ನಿಂತು ಒಂದೊಂದು ಚಪ್ಪಾಳೆ ತಟ್ಟು. ಎದುರುಬದುರು ಖಾಲಿ ಗೋಡೆ ಇದ್ದರೆ ಚಪ್ಪಾಳೆಯ ಹಿಂದೆಯೇ ಟರ್ರ್ ಅಂತ ಒಂದು ಸದ್ದು ಓಡುತ್ತದೆ. ಅಲ್ಲಿ ನಿಲ್ಲಬೇಡ. ಪುಸ್ತಕದ ಕಪಾಟು, ಪರದೆ, ಹಾಸಿಗೆ ಇರುವ ಕೋಣೆ ಒಳ್ಳೆಯದು. ಹಾಗಂತ ಎಲ್ಲ ಕಡೆ ಕಂಬಳಿ ಹೊದಿಸಬೇಡ, ಪಿಟೀಲಿಗೆ ಉಸಿರಾಡಲು ಸ್ವಲ್ಪ ಜಾಗ ಬೇಕು. ಫ್ಯಾನ್ ಆಫ್, ಫೋನು ಏರ್‌ಪ್ಲೇನ್ ಮೋಡ್.

ನುಡಿಸುವ ಮುಂಚೆ ಕ್ಯಾಮೆರಾಗೆ ಕಾಣುವಂತೆ ಒಂದು ಚಪ್ಪಾಳೆ ತಟ್ಟಿದರೆ ಆಮೇಲೆ ದನಿ, ಚಿತ್ರ ಎರಡನ್ನೂ ಕೂಡಿಸುವುದು ಸುಲಭ. ಆದರೆ ಅದಕ್ಕೂ ಮುಂಚೆ ಸ್ಪರ್ಧೆಯ ನಿಯಮ ಓದು, ದಯವಿಟ್ಟು. ಬೇರೆಯಾಗಿ ರೆಕಾರ್ಡ್ ಮಾಡಿದ ದನಿಯನ್ನು ಕೆಲವರು ಒಪ್ಪುವುದಿಲ್ಲ. ಹಾಗಿದ್ದರೆ ಹೊರಗಿನ ಮೈಕನ್ನು ನೇರವಾಗಿ ಫೋನಿಗೇ ಜೋಡಿಸಿ, ಅಲ್ಲೂ ಆಟೊ ಲೆವೆಲ್ ಇಲ್ಲದ ಆಪ್‌ನಲ್ಲಿ ಹಿಡಿಯಬೇಕು. ಒಂದು ಕೃತಿಯ ನಡುವೆ ಕತ್ತರಿಸಿ ಜೋಡಿಸುವುದನ್ನಂತೂ ಸಾಮಾನ್ಯವಾಗಿ ಎಲ್ಲೂ ಒಪ್ಪುವುದಿಲ್ಲ. ಆಮೇಲೆ ರಿವರ್ಬ್, ಅಂದರೆ ದೊಡ್ಡ ಸಭಾಂಗಣದಂಥ ಅನುರಣನ, ಸೇರಿಸುವ ಆಸೆಯೂ ಬೇಡ.

ಚಿತ್ರ ಹೇಗಿದ್ದರೇನು, ಸಂಗೀತ ತಾನೆ ಮುಖ್ಯ ಅಂದಿದ್ದೀಯ. ನನಗೂ ಹಾಗೇ ಇರಲಿ ಅಂತಲೇ ಆಸೆ. ಆದರೆ 2013ರಲ್ಲಿ ಚಿಯಾ ಜಂಗ್ ತ್ಸಾಯ್ ಅನ್ನುವ ಸಂಶೋಧಕಿಯ ಅಧ್ಯಯನವೊಂದು ಪ್ರಕಟವಾಯಿತು. ಅವರೂ ಪಿಯಾನೊ ಕಲಿತವರು. ಸಂಗೀತ ಸ್ಪರ್ಧೆಗಳ ಅಂತಿಮ ಸುತ್ತಿನ ತುಣುಕುಗಳನ್ನು ಜನರ ಮುಂದಿಟ್ಟು ಗೆದ್ದವರು ಯಾರು ಅಂತ ಊಹಿಸಲು ಹೇಳಿದರು. ಬರೀ ದನಿ ಕೇಳಿದವರಿಗಿಂತ, ದನಿಯೇ ಇಲ್ಲದೆ ಬರೀ ಚಿತ್ರ ನೋಡಿದವರು ಹೆಚ್ಚು ಸಲ ಸರಿಯಾಗಿ ಹೇಳಿದರು. ಸಂಗೀತ ಬಲ್ಲವರಲ್ಲೂ ಹಾಗೇ ಆಯಿತು. ಓದಿ ನನಗೆ ಬೇಸರವಾಯಿತು. ಆದರೂ ಇದರಿಂದ ನಿನಗೆ ಲಾಭವೇ. ಎರಡನೇ ಟೇಕಿನಲ್ಲಿ ನಿನ್ನ ಭುಜ ಸಡಿಲವಾಗಿದೆ, ಕಮಾನಿನ ಜೊತೆ ಮೈಯೂ ಹೋಗುತ್ತದೆ. ಮೊದಲನೆಯದರಲ್ಲಿ ಹುಬ್ಬು ಗಂಟಿಕ್ಕಿದೆ, ಕಣ್ಣು ಎಡಗೈಯನ್ನೇ ಕಾಯುತ್ತಿದೆ. ನಟಿಸು ಅಂತ ಹೇಳುತ್ತಿಲ್ಲ. ನಿಜವಾಗಿ ಸಂಗೀತದೊಳಗೆ ಇದ್ದಾಗ ನೀನು ಹೇಗೆ ಕಾಣುತ್ತೀಯೋ ಅದು ಅವರಿಗೂ ಕಾಣಲಿ. ಫೋನನ್ನು ಅಡ್ಡ ಹಿಡಿದು, ಎದೆಯ ಎತ್ತರಕ್ಕೆ ಸ್ಟ್ಯಾಂಡ್ ಮೇಲಿಡು. ಮುಖ, ಎರಡೂ ಕೈ, ಕಮಾನಿನ ತುದಿಯವರೆಗೂ ಚೌಕಟ್ಟಿನೊಳಗೆ ಇರಲಿ. ಕಿಟಕಿ ಬೆನ್ನ ಹಿಂದೆ ಬೇಡ, ಎದುರಿಗಿರಲಿ.

ಒಂದು ದಿನಕ್ಕೆ ಮೂರು ಟೇಕ್, ಅಷ್ಟೇ. ಕೂತು ಕೂತು ಇಪ್ಪತ್ತು ಸಲ ಮಾಡಿದರೆ ಕೈ ದಣಿಯುವುದಕ್ಕಿಂತ ಮುಂಚೆ ಕಿವಿ ದಣಿಯುತ್ತದೆ. ನಡುವೆ ಕೇಳಬೇಡ, ಕೇಳಿದರೆ ಮುಂದಿನ ಟೇಕಿನಲ್ಲಿ ಆ ತಪ್ಪನ್ನೇ ಕಾಯುತ್ತಾ ನುಡಿಸುತ್ತೀಯ. ಮಾರನೆಯ ದಿನ ಕೇಳು.

ನಮ್ಮಂಥವರ ವಿಡಿಯೊ ಯಾರು ನೋಡುತ್ತಾರೆ ಅಂತಲೂ ಕೇಳಿದ್ದೆ. ವಿಡಿಯೊ ನೋಡಿಯೇ ವಾದಕರನ್ನು ಆರಿಸಿ ಕಟ್ಟಿದ ವಾದ್ಯವೃಂದ, 2009ರ ಯೂಟ್ಯೂಬ್ ಸಿಂಫನಿ ಆರ್ಕೆಸ್ಟ್ರಾ ನೆನಪಿಸಿಕೋ. 70ಕ್ಕೂ ಹೆಚ್ಚು ದೇಶಗಳಿಂದ 3,000ಕ್ಕೂ ಹೆಚ್ಚು ವಿಡಿಯೊ ಬಂದಿದ್ದವು. ಅವುಗಳಿಂದ ಆರಿಸಿದವರೇ ಆ ವರ್ಷದ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್‌ನಲ್ಲಿ ಮೈಕಲ್ ಟಿಲ್ಸನ್ ಥಾಮಸ್ ನಿರ್ದೇಶನದಲ್ಲಿ ನುಡಿಸಿದರು. ಯಾರಾದರೂ ಕೂತು ನೋಡುತ್ತಾರೆ ಕಣೋ. ಆದರೆ ಅವರು ನೋಡಬೇಕಾದದ್ದು ಬಹಳ ಇರುತ್ತದೆ. ಮೊದಲಲ್ಲಿ ಕ್ಯಾಮೆರಾ ಸರಿಮಾಡುವುದು, ತಂತಿ ಶ್ರುತಿ ಮಾಡುವುದು ಇವೆಲ್ಲ ಕತ್ತರಿಸಿಬಿಡು. ಪಿಟೀಲು ಹೆಗಲಿಗೆ ಏರಲಿ, ಒಂದು ಉಸಿರು, ಶುರು.

ಅಪ್‌ಲೋಡ್ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡ. ಯೂಟ್ಯೂಬ್ ಲಿಂಕ್ ಕೇಳಿದ್ದರೆ ಅನ್‌ಲಿಸ್ಟೆಡ್ ಅಂತ ಇಡು, ಆಗ ಲಿಂಕ್ ಇದ್ದವರು ಮಾತ್ರ ನೋಡಬಹುದು. ಪ್ರೈವೇಟ್ ಅಂತ ಇಟ್ಟರೆ ಲಿಂಕ್ ಇದ್ದರೂ ಅವರಿಗೆ ತೆರೆಯುವುದಿಲ್ಲ. ಒಮ್ಮೆ ಹಾಕಿದ ಮೇಲೆ ಅದೇ ಲಿಂಕಿನಲ್ಲಿ ಬೇರೆ ವಿಡಿಯೊ ಬದಲಿಸಲೂ ಬರುವುದಿಲ್ಲ. ಹೊಸ ಟೇಕ್ ಆದ ಕೂಡಲೇ ನನಗೊಂದು ಕಳಿಸು, ಲಿಂಕ್ ತೆರೆಯುತ್ತಾ, ದನಿ ಕೊನೆಯವರೆಗೂ ಬಂದಿದೆಯಾ ಅಂತ ನೋಡಿ ಅವತ್ತೇ ಹೇಳುತ್ತೇನೆ.

ಇಂತಿ,
ನಿನ್ನ ಗೆಳೆಯ