ಅಗಸಿ ಗಿಡ್ಡಾಗಿಲ್ಲ, ರಸ್ತೆ ಏರಿದೆ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ನಮ್ಮೂರ ಅಗಸಿಯ, ಅಂದರೆ ಊರ ಹೆಬ್ಬಾಗಿಲಿನ, ಎಡಗಡೆ ಹುಡೇವಿನ (ಬುರುಜಿನ) ಮೇಲೆ ಕೆಂಪು ಬಣ್ಣದ ಕಾಟು ಗುರುತು ಬಿದ್ದಿದೆ. ಅದನ್ನು ಕೆಡವಿ ರಸ್ತೆ ಅಗಲ ಮಾಡುತ್ತಾರಂತೆ. ಕಬ್ಬಿನ ಟ್ರ್ಯಾಕ್ಟರು ಕಮಾನಿಗೆ ಬಡಿಯುತ್ತಿರುವುದರಿಂದ ‘ಅಗಸಿ ಗಿಡ್ಡಾಗಿದೆ’ ಎಂಬುದು ಸ್ಥಳ ತನಿಖೆಗೆ ಬಂದವರ ತೀರ್ಮಾನ. ಕಲ್ಲಿನ ಕಮಾನು ವಯಸ್ಸಾದಂತೆ ಗಿಡ್ಡಾಗುತ್ತದೆಂದು ನಮಗೆ ತಿಳಿದಿರಲಿಲ್ಲ.

ಏರಿದ್ದು ರಸ್ತೆ, ಸ್ವಾಮಿ. ಹಳೆಯ ಕಾಂಕ್ರೀಟು ಅಗೆಯದೆ ಅದರ ಮೇಲೇ ಜಲ್ಲಿ, ಜಲ್ಲಿಯ ಮೇಲೆ ಮತ್ತೆ ಆರೇಳು ಇಂಚು ಕಾಂಕ್ರೀಟು, ಹೀಗೆ ಮೂರು ಸಲ. ಹೊಸ್ತಿಲ ಕಲ್ಲು ಎರಡೂವರೆ ಅಡಿ ಕೆಳಗೆ ಹೂತುಹೋಗಿದೆ. ಕಾವಲುಗಾರರು ಕೂರುತ್ತಿದ್ದ ಒಳಗಿನ ಕಟ್ಟೆಗಳು ಈಗ ನೆಲಕ್ಕೆ ಸಮ. ಆ ಎರಡೂವರೆ ಅಡಿ ಅಗೆದು ತೆಗೆದರೆ ಟ್ರ್ಯಾಕ್ಟರು ತಾನಾಗಿ ಹಾಯುತ್ತದೆ. ಕೆಡವುವ ಖರ್ಚೂ ಉಳಿಯುತ್ತದೆ.

ಕಳೆದ ಸಲದ ಕಾಂಕ್ರೀಟು ಹಾಕುವಾಗ ನಡೆದದ್ದನ್ನು ತಾವು ತಿಳಿಯಲೇಬೇಕು. ಬಲಗಡೆಯ ಕದ ರಸ್ತೆಗೆ ಅಡ್ಡ ಬರುತ್ತದೆಂದು ಅದರ ಬುಡದ ತಿರುಗುಣಿ ಕಲ್ಲನ್ನು ಬ್ರೇಕರ್ ಹಚ್ಚಿ ಒಡೆದರು. ಸಾಗವಾನಿ ಕದ, ಅದರ ಮೈತುಂಬ ಕಬ್ಬಿಣದ ಮೊಳೆ, ನಡುವೆ ಒಬ್ಬರು ಬಗ್ಗಿ ದಾಟುವಷ್ಟು ದಿಡ್ಡಿ ಬಾಗಿಲು. ಅಂಥ ಭಾರ ಹೊತ್ತು ತಿರುಗಿಸುತ್ತಿದ್ದುದು ಆ ಕಲ್ಲಿನ ಒಂದು ಕುಳಿ. ಅದರ ಮೇಲೆ ಕಾಂಕ್ರೀಟು ಸುರಿದು, ಕದವನ್ನು ಬೇಲಿ ತಂತಿಯಿಂದ ಗೋಡೆಗೆ ಬಿಗಿದು ಹೋದರು. ಅಗುಳಿಯ ತೊಲೆ ಸರಿಯುತ್ತಿದ್ದ ಗೋಡೆಯ ಪೊಳ್ಳಿಗೆ ಸಿಮೆಂಟ್ ತುಂಬಿದರು, ಹಾವು ಸೇರುತ್ತವಂತೆ. ದೂರು ಕೊಟ್ಟರೆ ಬಂದ ಉತ್ತರ: ‘ಸದರಿ ಬಾಗಿಲು ಬಳಕೆಯಲ್ಲಿಲ್ಲ.’ ಕಾಲು ಮುರಿದವರೇ ಕುಂಟ ಎಂದು ಬರೆದುಕೊಟ್ಟ ಹಾಗಾಯಿತು. ಇನ್ನೊಂದು ಅರ್ಜಿಗೆ, ಅಗಸಿಯ ಇ-ಸ್ವತ್ತು ದಾಖಲೆ ಲಗತ್ತಿಸಿ ಎಂದರು! ಮುಂದಿನ ಸಲ ಅಗಸಿಯ ಆಧಾರ್ ಕಾರ್ಡೂ ಕೇಳಬಹುದು.

ಇನ್ನು ಹುಡೇವು ಕೆಡವುವ ಮಾತು. ಕಮಾನು ತನ್ನ ಭಾರವನ್ನು ಕೆಳಕ್ಕಷ್ಟೇ ಅಲ್ಲ, ಎರಡೂ ಬದಿಗೆ ತಳ್ಳುತ್ತದೆ. ಆ ತಳ್ಳುವಿಕೆಗೆ ಎದೆ ಕೊಟ್ಟು ನಿಂತಿರುವುದೇ ಹುಡೇವು. ಒಂದು ಬದಿ ತೆಗೆದರೆ ಕಮಾನಿನ ಕಾಲು ಸರಿಯುತ್ತದೆ, ನೆತ್ತಿಯ ಬೀಗಗಲ್ಲು ಸಡಿಲಾಗುತ್ತದೆ, ಒಂದೆರಡು ಮಳೆಗಾಲದಲ್ಲಿ ಉಳಿದದ್ದೂ ಕುಸಿದು ಕೂರುತ್ತದೆ. ಆಗ ‘ಶಿಥಿಲವಾಗಿತ್ತು’ ಎಂದು ಪಂಚನಾಮೆ.

‘ಸಿಮೆಂಟ್ ಗಿಲಾಯಿ ಮಾಡಿ ಗಟ್ಟಿ ಮಾಡಿದ್ದೇವಲ್ಲ’ ಎಂಬುದು ಇನ್ನೊಂದು ಸಮಜಾಯಿಷಿ. ಈ ಗೋಡೆಯ ಹೊರಮೈ ಕಲ್ಲು, ಹೊಟ್ಟೆಯೊಳಗೆ ಮಣ್ಣು ಮತ್ತು ಗುಂಡುಗಲ್ಲು. ಗೋಡೆಯ ನೆತ್ತಿಯ ಹಲ್ಲಿನಂಥ ತೆನೆಗಳ ಬಿರುಕಿನಿಂದ ಇಳಿದ ನೀರು ಮೊದಲು ಸುಣ್ಣದ ಗಚ್ಚಿನ ಸಂದಿಯಿಂದ ಆರಿ ಹೋಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿತು. ನೀರು ಒಳಗೇ ನಿಂತು ಮಣ್ಣು ಉಬ್ಬುತ್ತದೆ, ಗೋಡೆ ಬಸುರಾಗುತ್ತದೆ, ಕೊನೆಗೆ ಹೊರಗಿನ ಕಲ್ಲು ಕಳಚುತ್ತದೆ. ಉತ್ತರದ ಮೂಲೆಯಲ್ಲಿ ಉಬ್ಬು ಈಗಾಗಲೇ ಕಾಣುತ್ತಿದೆ.

ಆ ಸಿಮೆಂಟನ್ನು ಕೈಯುಳಿಯಿಂದಲೇ ಬಿಡಿಸಬೇಕು, ಬ್ರೇಕರ್ ಬೇಡವೇ ಬೇಡ. ಅರಳಿಸಿದ ಸುಣ್ಣವನ್ನು ಕೆಲವು ವಾರ ನೀರಲ್ಲಿ ನೆನೆಯಿಟ್ಟು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಮತ್ತು ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿಯ ನೀರಲ್ಲಿ ಅರೆದ ಗಚ್ಚು ಬೇಕು. ಸಂದಿ ತುಂಬಿದ ಮೇಲೆ ಹಸಿ ಗೋಣಿತಟ್ಟು ಹೊದಿಸಿ ಹತ್ತು ದಿನವಾದರೂ ಆರದಂತೆ ನೋಡಿಕೊಳ್ಳಬೇಕು. ಬಿಸಿಲಿಗೆ ಬಿಟ್ಟರೆ ಪುಡಿಯಾಗಿ ಉದುರುತ್ತದೆ. ತೆನೆಯ ಅರಳಿ ಗಿಡವನ್ನು ಎಳೆದು ಕೀಳಿಸಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಕತ್ತರಿಸಿ, ಬೇರು ಸಾಯಿಸಿ, ಆಮೇಲೆ ಸಂದಿ ತುಂಬಬೇಕು. ಇದಕ್ಕೆ ಗಚ್ಚು ಬಲ್ಲ ಗೌಂಡಿ ಬೇಕು, ಕಡಿಮೆ ದರದ ಟೆಂಡರಲ್ಲ.

ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ತಮಗೆ ನಾವು ಓದಿ ಹೇಳಬೇಕಾದ್ದಲ್ಲ. ಅಗಸಿಯನ್ನು ಸಂರಕ್ಷಿತ ಸ್ಮಾರಕ ಮಾಡಿರೆಂದು ಪುರಾತತ್ವ ಇಲಾಖೆಗೆ ಒಂದು ಪ್ರಸ್ತಾವ ತಮ್ಮ ಸಹಿಯಿಂದಲೇ ಹೋಗಬಹುದು. ಊರುಗಳು ಅಗಸಿಯ ಕದ ಹಾಕಿಕೊಳ್ಳುವಂತೆ ಮಾಡಿದ್ದ ಪಿಂಡಾರಿ ದರೋಡೆಕೋರರ ಹಾವಳಿ 1818ರ ಹೊತ್ತಿಗೆ ಅಡಗಿತು. ಕಾಂಕ್ರೀಟಿನದು ಅಡಗುವ ಲಕ್ಷಣ ಕಾಣುತ್ತಿಲ್ಲ. ಕಾರಹುಣ್ಣಿಮೆಗೆ ಎತ್ತುಗಳು ಕರಿ ಹರಿಯುವುದು ಇಂದಿಗೂ ಇದೇ ಅಗಸಿಯಲ್ಲಿ. ‘ಬಳಕೆಯಲ್ಲಿಲ್ಲ’ ಎಂದವರು ಅಂದು ಬಂದು ನೋಡಲಿ.

ರಸ್ತೆ ಅಗೆಯಿರಿ. ಅದಾಗುವವರೆಗೆ ಕಮಾನಿಗಿಂತ ನೂರು ಅಡಿ ಮೊದಲೇ ಎರಡೂ ಕಡೆ ಎತ್ತರ ತಡೆಯುವ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಕಬ್ಬಿನ ಗಾಡಿಗಳನ್ನು ಕೆರೆಯ ಕಡೆಯ ಹೊರರಸ್ತೆಗೆ ತಿರುಗಿಸಿ. ಗಾಡಿಗಳಿಗೆ ಅರ್ಧ ಮೈಲಿ ಸುತ್ತಾದೀತು, ಆಗಲಿ. ಮತ್ತೆ ಹೇಳುತ್ತೇವೆ: ಅಗಸಿ ಕೆಡವಬೇಡಿ, ರಸ್ತೆ ಅಗೆಯಿರಿ. ಕಬ್ಬು ಕಟಾವು ಶುರುವಾಗುವ ಮೊದಲು ಆ ಕೆಂಪು ಕಾಟು ಅಳಿಸುವ ಲಿಖಿತ ಆದೇಶ ನಮಗೆ ಬೇಕು. ಅಳಿಸುವಾಗ ಆ್ಯಸಿಡ್ ಸುರಿಯಬೇಡಿರೆಂದು ಆದೇಶದಲ್ಲೇ ಬರೆಯಿರಿ, ಇಲ್ಲದಿದ್ದರೆ ಸುರಿಯುತ್ತಾರೆ.

ಇಂತಿ,
ಅಗಸಿ ಓಣಿಯ ನಿವಾಸಿಗಳು